ಸಹಿಯ ಅಧಿಕಾರ ಯಾರ ಕೈಗೆ?

ಬೆಂಗಳೂರಿನ ದಕ್ಷಿಣ ಅಂಚಿನ ಚುಂಚಘಟ್ಟದ ಒಂದು ನಿವೇಶನದ ವ್ಯಾಜ್ಯದಲ್ಲಿ 2025ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ನಿವೇಶನ ಕೊಳ್ಳುವವರ ವಲಯದಲ್ಲಿ ಸಾಕಷ್ಟು ಚರ್ಚೆಗೆ ಒಳಗಾಯಿತು. ಮೂಲ ಮಾಲೀಕರು 1986ರಲ್ಲಿ ಹಣ ಪಡೆದು, ನೋಂದಾಯಿಸದ ಕ್ರಯದ ಕರಾರಿನ ಜೊತೆಗೆ ಒಬ್ಬರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಪತ್ರದಲ್ಲಿ ‘ರದ್ದುಪಡಿಸಲಾಗದ್ದು’ ಎಂಬ ಮಾತೂ ಇತ್ತು. ಮಾಲೀಕರು 1997ರಲ್ಲಿ ತೀರಿಕೊಂಡರು. 1998ರಲ್ಲಿ ಪತ್ರ ಹಿಡಿದವರು ಅದೇ ಅಧಿಕಾರದ ಬಲದಿಂದ ನಿವೇಶನವನ್ನು ತಮ್ಮ ಮಗನಿಗೆ ಕ್ರಯ ಮಾಡಿಕೊಟ್ಟರು. 2003ರಲ್ಲಿ ಮೃತರ ವಾರಸುದಾರರು ಅದನ್ನೇ ಬೇರೊಬ್ಬರಿಗೆ ಮಾರಿದರು. ಅಧಿಕಾರ ಕೊಟ್ಟವರ ಸಾವಿನೊಂದಿಗೆ ಆ ಪತ್ರದ ಜೀವವೂ ಮುಗಿಯಿತು, ‘ರದ್ದುಪಡಿಸಲಾಗದ್ದು’ ಎಂಬ ಶಬ್ದವೊಂದೇ ಅದನ್ನು ಉಳಿಸಲಾರದು ಎಂದು ನ್ಯಾಯಾಲಯ ಹೇಳಿತು. ಸುಮಾರು ನಾಲ್ಕು ದಶಕಗಳ ಕಾಲ ಒಂದು ಕುಟುಂಬ ತನ್ನದೆಂದು ನಂಬಿದ್ದ ಭೂಮಿ ಕೈಬಿಟ್ಟಿತು.

ಹಣ ಕೊಟ್ಟು ಜಿಪಿಎ ಮೇಲೆ ನಿವೇಶನ ಕೊಳ್ಳಬೇಡಿ ಎಂಬ ಎಚ್ಚರಿಕೆಯಾಗಿ ಈ ತೀರ್ಪನ್ನು ಎಲ್ಲರೂ ಓದಿದರು. ಅದು ಸರಿಯೇ. 2011ರ ಅಕ್ಟೋಬರ್‌ನಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಇದೇ ನ್ಯಾಯಾಲಯ, ಇಂಥ ಪತ್ರಗಳಿಂದ ಸ್ವತ್ತಿನ ಹಕ್ಕು ವರ್ಗಾವಣೆ ಆಗುವುದಿಲ್ಲವೆಂದು ನಿಸ್ಸಂದಿಗ್ಧವಾಗಿ ಹೇಳಿತ್ತು. ಆದರೆ ಆ ತೀರ್ಪಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಅಥವಾ ಬಂಧುಗಳಿಗೆ ತಮ್ಮ ವ್ಯವಹಾರ ನೋಡಿಕೊಳ್ಳಲು ಕೊಡುವ ನಿಜವಾದ ಅಧಿಕಾರ ಪತ್ರಗಳಿಗೆ ತನ್ನ ಆದೇಶದಿಂದ ಬಾಧೆಯಿಲ್ಲ ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತ್ತು. ನಾನು ಇಲ್ಲಿ ಚರ್ಚಿಸಬಯಸುವುದು ಈ ಎರಡನೆಯ ಬಗೆಯ ಪತ್ರವನ್ನು. ಅದನ್ನು ಬರೆದುಕೊಡುವವರು ಬಹುತೇಕ ವಯಸ್ಸಾದವರು. ಯಾರಿಗೆ ಬರೆದುಕೊಡಬೇಕು ಎಂಬ ಪ್ರಶ್ನೆಯನ್ನು ಅವರಲ್ಲಿ ಎಷ್ಟು ಜನ ನಿಜವಾಗಿ ಕೇಳಿಕೊಳ್ಳುತ್ತಾರೆ?

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಕಂದಾಯ ಆಡಳಿತದ ಕೆಲಸ ಮಾಡಿದ ವರ್ಷಗಳಲ್ಲಿ ಈ ಪ್ರಶ್ನೆ ನನ್ನ ಮುಂದೆ ಮತ್ತೆ ಮತ್ತೆ ಬಂದಿತ್ತು. ರಾಯಬಾಗ ತಾಲೂಕಿನ ಕುಡಚಿಯನ್ನೇ ನೋಡಿ. ಕೃಷ್ಣೆಯ ದಡದ ಈ ಪಟ್ಟಣ ಪುಣೆ–ಮಿರಜ–ಲೋಂಡಾ ರೈಲು ಮಾರ್ಗದ ಮೇಲಿದೆ. ಕಾಯಿಲೆ ಬಿದ್ದರೆ ಮಿರಜದ ಆಸ್ಪತ್ರೆ; ಮಕ್ಕಳ ನೌಕರಿ ಪುಣೆ, ಮುಂಬೈ, ಬೆಂಗಳೂರಿನಲ್ಲಿ; ಹೆಣ್ಣು ಕೊಟ್ಟ ಮನೆ ಸಾಂಗಲಿಯಲ್ಲೋ ಇಚಲಕರಂಜಿಯಲ್ಲೋ. ಕಬ್ಬಿನ ಹೊಲ ಮತ್ತು ಹಳೆಯ ಮನೆ ಮಾತ್ರ ಇಲ್ಲೇ. ಹೊಲದ ಉತಾರ ತಂದೆಯ ಹೆಸರಿನಲ್ಲಿ, ಪಿಕೆಪಿಎಸ್‌ನ ಬೆಳೆಸಾಲ ಆತನ ಹೆಸರಿನಲ್ಲಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಜಮೆಯಾಗುವುದೂ ಆತನ ಖಾತೆಗೆ. ಕೃಷ್ಣೆ ಉಕ್ಕಿದ ವರ್ಷಗಳಲ್ಲಿ, ಅಂದರೆ 2005, 2019 ಮತ್ತು 2021ರಲ್ಲಿ, ಬಿದ್ದ ಮನೆ ಮತ್ತು ಕೊಳೆತ ಬೆಳೆಯ ಪರಿಹಾರದ ಅರ್ಜಿಗೆ ಬೇಕಾದ್ದೂ ಮಾಲೀಕರ ಸಹಿ. 2010–11ರ ಆಯವ್ಯಯದಲ್ಲಿ ಮಂಜೂರಾದ ಸುಮಾರು 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ ಭೂಸ್ವಾಧೀನ ನಡೆದಾಗ ನೋಟಿಸು ಬಂದದ್ದೂ ಉತಾರದಲ್ಲಿರುವ ಹೆಸರಿಗೇ. ಆ ಹೆಸರಿನ ಮನುಷ್ಯ ಎಂಬತ್ತು ದಾಟಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರೆ ಮುಂದೇನು?

ಉತ್ತರ ಎಲ್ಲರಿಗೂ ಗೊತ್ತಿರುವಂಥದೇ: ಒಂದು ಮುಖತ್ಯಾರ ಪತ್ರ ಮಾಡಿಸಿ. ಮರಾಠಿಯ ನೆರೆಯಿಂದಾಗಿ ಆ ಕಡೆ ಸಾಮಾನ್ಯ ಅಧಿಕಾರ ಪತ್ರವನ್ನು ಕುಲಮುಖತ್ಯಾರ ಪತ್ರ ಎಂದೇ ಕರೆಯುವುದು ರೂಢಿ. ‘ಮುಖ್ತಾರ್’ ಅರಬ್ಬಿ ಮೂಲದ ಶಬ್ದ. ಆರಿಸಲ್ಪಟ್ಟವನು ಎಂಬುದು ಅದರ ಒಂದು ಅರ್ಥ. ಶಬ್ದದಲ್ಲಿಯೇ ಆಯ್ಕೆ ಇದೆ. ರೂಢಿಯಲ್ಲಿ ಅದು ಇಲ್ಲ. ಹಿರಿಯ ಮಗನಿದ್ದಾನೆ, ಅವನಿಗೇ ಬರೆದರಾಯಿತು ಎಂಬಲ್ಲಿಗೆ ವಿಚಾರ ಮುಗಿಯುತ್ತದೆ. ಬರಹಗಾರರು ಸಿದ್ಧ ನಮೂನೆಯಲ್ಲಿ ಹೆಸರು ತುಂಬುತ್ತಾರೆ. ಆ ನಮೂನೆಯಲ್ಲಿ ಉಳುಮೆ ಮಾಡಿಸುವುದರಿಂದ ಹಿಡಿದು ಅಡವು, ಕ್ರಯ, ದಾವೆ, ರಾಜಿಯವರೆಗೆ ಎಲ್ಲ ಅಧಿಕಾರಗಳೂ ಇರುತ್ತವೆ. ಕಬ್ಬಿನ ಬಿಲ್ಲು ತೆಗೆಯಲು ಬೇಕಾಗಿದ್ದ ಪತ್ರ ಹೊಲವನ್ನೇ ಮಾರಬಲ್ಲ ಪತ್ರವಾಗಿ ಹೊರಬರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವು ಓದಿದ ಒಂದು ಸಮಸ್ಯೆ ಇಲ್ಲಿ ನೆನಪಾಗುತ್ತದೆ. ಒಬ್ಬರ ಸ್ವತ್ತನ್ನು ಇನ್ನೊಬ್ಬರು ನಿರ್ವಹಿಸುವಾಗ ಇಬ್ಬರ ಹಿತವೂ ಒಂದೇ ಆಗಿರುವುದಿಲ್ಲ, ನಿರ್ವಹಿಸುವವನಿಗೆ ತಿಳಿದಿರುವುದೆಲ್ಲ ಒಡೆಯನಿಗೆ ತಿಳಿದಿರುವುದೂ ಇಲ್ಲ. ಪರರ ಹಣವನ್ನು ನೋಡಿಕೊಳ್ಳುವ ಕಂಪನಿ ನಿರ್ದೇಶಕರಿಂದ ಸ್ವಂತ ಹಣದ ಮೇಲಿನಷ್ಟು ಕಾಳಜಿಯನ್ನು ನಿರೀಕ್ಷಿಸಲಾಗದು ಎಂದು ಆಡಮ್ ಸ್ಮಿತ್ 1776ರಲ್ಲೇ ಗುರುತಿಸಿದ್ದ. ಕಂಪನಿಗಳಲ್ಲಿ ಈ ಸಮಸ್ಯೆಗೆ ಲೆಕ್ಕಪರಿಶೋಧಕರು, ಷೇರುದಾರರ ಸಭೆ, ಶಾಸನಬದ್ಧ ವರದಿ ಇತ್ಯಾದಿ ಮದ್ದುಗಳಿವೆ. ಕುಟುಂಬದಲ್ಲಿ ಇರುವುದು ನಂಬಿಕೆಯೊಂದೇ. ನಂಬಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಯಾವ ಕೆಲಸಕ್ಕೆ, ಯಾರ ಮೇಲೆ ಎಂಬುದನ್ನು ನಂಬಿಕೆ ತಾನಾಗಿ ಹೇಳುವುದಿಲ್ಲ.

ಮೊದಲು ನೋಡಬೇಕಾದ್ದು ಹಿತಾಸಕ್ತಿಯ ಘರ್ಷಣೆ. ನಾಳೆ ವಾಟ್ನಿಯಾದಾಗ ನಿಮ್ಮ ಎದುರು ಪಾಲು ಕೇಳುವ ವ್ಯಕ್ತಿಗೆ ಇಂದು ನಿಮ್ಮ ಪರವಾಗಿ ಸಹಿ ಮಾಡುವ ಅಧಿಕಾರ ಕೊಡುವುದು ಅಪಾಯ. ಇದರ ಅತಿ ಸ್ಪಷ್ಟ ಉದಾಹರಣೆ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಬರೆದುಕೊಡುವ ಪತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲನ್ನು ಕರ್ನಾಟಕ 1994ರಲ್ಲಿ ಮದುವೆಯಾಗದವರ ಮಟ್ಟಿಗೆ ಒಪ್ಪಿಕೊಂಡಿತು. 2005ರ ಕೇಂದ್ರ ತಿದ್ದುಪಡಿ ಆ ಮಿತಿಯನ್ನು ತೆಗೆಯಿತು. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸಾರಿತು. ಕಾನೂನು ಹೀಗೆ ಬೆಳೆದಂತೆಲ್ಲ ತವರಿನಲ್ಲಿ ಕಾಗದಗಳೂ ಬದಲಾದವು. ಹಕ್ಕು ಬಿಟ್ಟುಕೊಡು ಎಂದು ಕೇಳಿದರೆ ತಂಗಿ ಯೋಚಿಸುತ್ತಾಳೆ, ಆಕೆಯ ಮನೆಯವರೂ ಯೋಚಿಸುತ್ತಾರೆ. ‘ನೀ ಪದೇ ಪದೇ ಮಿರಜದಿಂದ ಬರೂದು ಬ್ಯಾಡವ್ವಾ, ಒಂದ ಮುಖತ್ಯಾರ ಬರೆದಕೊಡು, ಎಲ್ಲಾ ನಾ ನೋಡ್ಕೋತೀನಿ’ ಎಂದರೆ ಆಕೆ ನೆಮ್ಮದಿಯಿಂದ ಹೆಬ್ಬೆಟ್ಟು ಒತ್ತುತ್ತಾಳೆ. ಅಣ್ಣ ಆ ಪತ್ರದ ಮೇಲೆ ಇಡೀ ಹೊಲವನ್ನು ಅಡವಿಟ್ಟದ್ದು ಅವಳಿಗೆ ಗೊತ್ತಾಗುವುದು ಬ್ಯಾಂಕಿನ ನೋಟಿಸು ಬಂದಾಗ. ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳ ಪಾಲಿನ ಕಥೆಯೂ ಇದಕ್ಕಿಂತ ಬೇರೆಯಾಗಿ ನನಗೆ ಕಂಡಿಲ್ಲ. ಇಂಥ ಕಡೆ ತಂಗಿಯ ಮುಖತ್ಯಾರ ಆಕೆಯ ಗಂಡನೋ ಮಗನೋ ಮತ್ತೊಬ್ಬ ತಂಗಿಯೋ ಆಗಿರಬೇಕೇ ಹೊರತು ಪಾಲು ಹಂಚಬೇಕಾದ ಅಣ್ಣನಲ್ಲ. ಇದನ್ನು ಹೇಳಿದರೆ ಕುಟುಂಬ ಒಡೆಯುವ ಮಾತೆಂದು ಸಿಟ್ಟಾಗುವವರಿದ್ದಾರೆ. ಆದರೆ ಮನೆ ಒಡೆದು ತಾಲೂಕು ಕಚೇರಿಯವರೆಗೆ ಬಂದ ತಕರಾರುಗಳಲ್ಲಿ ಇಂಥ ಪತ್ರಗಳೂ ಇದ್ದುದನ್ನು ನಾನು ಕಂಡಿದ್ದೇನೆ.

ಸರ್ಕಾರವೂ ಒಂದು ವೃತ್ತ ಎಳೆದಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಅನುಸೂಚಿಯ 41ನೇ ಅನುಚ್ಛೇದದ ಪ್ರಕಾರ ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಸಹೋದರ, ಸಹೋದರಿ ಇವರನ್ನು ಬಿಟ್ಟು ಬೇರೆಯವರಿಗೆ ರಾಜ್ಯದಲ್ಲಿರುವ ಸ್ಥಿರಾಸ್ತಿ ಮಾರುವ ಅಧಿಕಾರ ಕೊಟ್ಟರೆ ಕ್ರಯಪತ್ರಕ್ಕೆ ತೆರುವಷ್ಟೇ ಮುದ್ರಾಂಕ ಶುಲ್ಕ ತೆರಬೇಕು. ಜಿಪಿಎ ಹೆಸರಿನಲ್ಲಿ ನಡೆಯುವ ಮಾರಾಟಕ್ಕೆ ಕಡಿವಾಣ ಹಾಕಲು ತಂದ ನಿಯಮವಿದು, ಉದ್ದೇಶ ಒಳ್ಳೆಯದೇ. ಆದರೆ ವೃತ್ತದ ಹೊರಗೆ ಯಾರಿದ್ದಾರೆ ನೋಡಿ. ಸೊಸೆ, ಅಳಿಯ, ಮೊಮ್ಮಗ, ಅಣ್ಣನ ಮಗ. ಕುಡಚಿಯಂಥ ಊರಿನಲ್ಲಿ ಮಗ ಪುಣೆಯಲ್ಲಿರುವಾಗ ಅತ್ತೆಯನ್ನು ನೋಡಿಕೊಳ್ಳುತ್ತಿರುವುದು ಸೊಸೆ, ಮಕ್ಕಳಿಲ್ಲದ ಚಿಕ್ಕಪ್ಪನ ಹೊಲ ಮಾಡುವುದು ಅಣ್ಣನ ಮಗ. ಹೀಗಾಗಿ ಯೋಗ್ಯರನ್ನು ಬಿಟ್ಟು ಶುಲ್ಕ ಕಡಿಮೆ ಬೀಳುವವರ ಹೆಸರಿಗೆ ಪತ್ರ ಬರೆಯುವ ಪ್ರಲೋಭನೆ ಸಹಜ. ನನ್ನ ಸಲಹೆ ಸರಳ: ಮಾರುವ ಅಧಿಕಾರವನ್ನು ಪತ್ರದಿಂದಲೇ ತೆಗೆದುಬಿಡಿ. ಸಾಗುವಳಿ, ಬಿಲ್ಲು, ಬ್ಯಾಂಕು, ತೆರಿಗೆ, ಪರಿಹಾರದ ಅರ್ಜಿ, ಕಚೇರಿ ವ್ಯವಹಾರ ಇಷ್ಟಕ್ಕೆ ಸೀಮಿತವಾದ ಪತ್ರವನ್ನು ಸೊಸೆಗೆ ಕೊಡಲು ಈ ನಿಯಮ ಅಡ್ಡಬರುವುದಿಲ್ಲ. ಮಾರಾಟದ ಪ್ರಸಂಗ ಬಂದೇ ಬಂದರೆ ಆಗ ಆ ಒಂದು ಸರ್ವೆ ನಂಬರಿಗೆ, ಆ ಒಂದು ವ್ಯವಹಾರಕ್ಕೆ ಬೇರೆ ಪತ್ರ ಮಾಡಬಹುದು.

ಇನ್ನು ವ್ಯಕ್ತಿಯ ಗುಣಗಳ ಮಾತು. ಪ್ರಾಮಾಣಿಕತೆ ಬೇಕು ಎಂದು ಹೇಳುವ ಅಗತ್ಯವಿಲ್ಲ. ಅದಕ್ಕಿಂತ ಕಡಿಮೆ ಚರ್ಚೆಗೆ ಬರುವ ಸಂಗತಿ ಹತ್ತಿರ ಇರುವುದು. ಭಾರತೀಯ ಕರಾರು ಕಾಯ್ದೆ, 1872ರ 190ನೇ ಕಲಮಿನ ಪ್ರಕಾರ, ಸ್ವತಃ ಮಾಡುತ್ತೇನೆಂದು ಒಪ್ಪಿಕೊಂಡ ಕೆಲಸವನ್ನು ಪ್ರತಿನಿಧಿ ಸಾಮಾನ್ಯವಾಗಿ ಮತ್ತೊಬ್ಬರಿಗೆ ವಹಿಸುವಂತಿಲ್ಲ. ಪುಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗನ ಹೆಸರಿಗೆ ಪತ್ರ ಮಾಡಿದರೆ ರಾಯಬಾಗದ ಕಚೇರಿಗೆ ಅವನೇ ಬರಬೇಕು. ಎರಡು ಸಲ ಬರುತ್ತಾನೆ, ಮೂರನೆಯ ಸಲ ಏಜೆಂಟನ ಕೈಗೆ ಕಾಗದ ಕೊಡುತ್ತಾನೆ. ಅಲ್ಲಿಗೆ ನೀವು ಆರಿಸಿದವನು ಒಬ್ಬ, ಕೆಲಸ ಮಾಡುವವನು ಇನ್ನೊಬ್ಬ. ವಯಸ್ಸೂ ಮುಖ್ಯ. ಎಪ್ಪತ್ತೆಂಟರ ಅಣ್ಣ ಎಪ್ಪತ್ತೈದರ ತಮ್ಮನಿಗೆ ಪತ್ರ ಬರೆದುಕೊಟ್ಟು ನಿಶ್ಚಿಂತನಾಗುವುದನ್ನು ನೋಡಿದ್ದೇನೆ. ಪ್ರತಿನಿಧಿ ತೀರಿಕೊಂಡರೂ ಅಧಿಕಾರ ಕೊನೆಗೊಳ್ಳುತ್ತದೆಂಬುದು ಆಗ ಯಾರ ಗಮನಕ್ಕೂ ಬಂದಿರುವುದಿಲ್ಲ. ಸಾಲದಲ್ಲಿ ಮುಳುಗಿದವನನ್ನು, ಎಷ್ಟೇ ಒಳ್ಳೆಯವನಾಗಿದ್ದರೂ, ಆ ಸ್ಥಾನದಲ್ಲಿ ಕೂರಿಸದಿರುವುದು ಅವನಿಗೇ ಮಾಡುವ ಉಪಕಾರ.

ಇಬ್ಬರನ್ನು ನೇಮಿಸಿದರೆ ಹೇಗೆ? ನೇಮಿಸಬಹುದು. ಆದರೆ ಇಬ್ಬರೂ ಕೂಡಿಯೇ ಸಹಿ ಮಾಡಬೇಕೋ, ಯಾರೊಬ್ಬರು ಮಾಡಿದರೂ ಸಾಕೋ ಎಂಬುದನ್ನು ಪತ್ರದಲ್ಲೇ ಬರೆಯಬೇಕು. ದಿನನಿತ್ಯದ ಕೆಲಸಕ್ಕೆ ಊರಿನಲ್ಲಿರುವ ಮಗಳೊಬ್ಬಳೇ ಸಾಕು. ನಿಶ್ಚಿತ ಮೊತ್ತಕ್ಕಿಂತ ಹೆಚ್ಚಿನ ಹಣ ತೆಗೆಯಲು ಪುಣೆಯ ಮಗನ ಸಹಿಯೂ ಬೇಕು ಎಂಬಂಥ ಏರ್ಪಾಡು ನನಗೆ ಹಿಡಿಸಿದೆ.

ಲೆಕ್ಕದ ವಿಷಯದಲ್ಲಿ ನಮ್ಮ ಸಂಕೋಚ ವಿಚಿತ್ರವಾದದ್ದು. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಪ್ರತಿನಿಧಿಯ ಕರ್ತವ್ಯವೆಂದು 213ನೇ ಕಲಮು ಹೇಳುತ್ತದೆ. ಒಡೆಯನ ಒಪ್ಪಿಗೆಯಿಲ್ಲದೆ ತನ್ನ ಸ್ವಂತಕ್ಕೆ ವ್ಯವಹಾರ ಮಾಡಿಕೊಂಡರೆ ಅದರ ಲಾಭ ಕೇಳುವ ಹಕ್ಕು ಒಡೆಯನಿಗಿದೆ ಎಂದು 216ನೇ ಕಲಮು ಹೇಳುತ್ತದೆ. ಕಾಯ್ದೆಯಲ್ಲಿ ಇಷ್ಟೆಲ್ಲ ಇದ್ದರೂ ಮಗನನ್ನು ಲೆಕ್ಕ ಕೇಳುವ ತಾಯಿ ಎಲ್ಲಿದ್ದಾಳೆ? ಅದಕ್ಕೇ ಲೆಕ್ಕ ಕೇಳುವ ಹೊಣೆಯನ್ನು ತಾಯಿಯ ಮೇಲೆ ಬಿಡದೆ, ವರ್ಷಕ್ಕೊಮ್ಮೆ, ಯುಗಾದಿಯ ಮುನ್ನವೋ ಕಬ್ಬಿನ ಹಂಗಾಮು ಮುಗಿದ ಮೇಲೋ, ಎಲ್ಲ ಮಕ್ಕಳ ಮುಂದೆ ಲೆಕ್ಕ ಓದಬೇಕೆಂದು ಪತ್ರದಲ್ಲೇ ಒಂದು ಸಾಲು ಸೇರಿಸುವುದು ಒಳ್ಳೆಯದು. ಈ ಕೆಲಸಕ್ಕೆ ಓಡಾಡುವವರಿಗೆ ಒಂದಿಷ್ಟು ಸಂಭಾವನೆ ಗೊತ್ತುಮಾಡುವುದನ್ನೂ ನಾನು ಬೆಂಬಲಿಸುತ್ತೇನೆ. ಬಿಟ್ಟಿ ದುಡಿಸಿಕೊಂಡ ಬಂಧುವಿಗೆ ಸ್ವಲ್ಪ ತೆಗೆದುಕೊಂಡರೆ ತಪ್ಪೇನು ಎಂದು ಅನಿಸತೊಡಗುವುದು ಮನುಷ್ಯ ಸಹಜ.

ಪತ್ರ ರದ್ದು ಮಾಡುವುದು ಸುಲಭ ಎಂದು ವಕೀಲರು ಧೈರ್ಯ ಹೇಳುತ್ತಾರೆ. ಕಾಗದದ ಮೇಲೆ ಅದು ಸುಲಭವೇ. ಆದರೆ 208ನೇ ಕಲಮಿನ ಪ್ರಕಾರ ರದ್ದತಿಯು ಪ್ರತಿನಿಧಿಗೆ ತಿಳಿದಾಗ ಅವನ ಮಟ್ಟಿಗೆ, ಹೊರಗಿನವರಿಗೆ ತಿಳಿದಾಗ ಅವರ ಮಟ್ಟಿಗೆ ಜಾರಿಯಾಗುತ್ತದೆ. ಬ್ಯಾಂಕಿಗೆ, ಪಿಕೆಪಿಎಸ್‌ಗೆ, ಸಕ್ಕರೆ ಕಾರ್ಖಾನೆಗೆ, ಉಪನೋಂದಣಿ ಕಚೇರಿಗೆ ಲಿಖಿತವಾಗಿ ತಿಳಿಸದೆ ಮನೆಯಲ್ಲಿ ಪತ್ರ ಹರಿದುಹಾಕಿದರೆ ಪ್ರಯೋಜನವಿಲ್ಲ. ಜೆರಾಕ್ಸ್ ಪ್ರತಿಗಳು ಊರೆಲ್ಲ ಇರುತ್ತವೆ. ಪ್ರತಿನಿಧಿಯ ಕೈಗೆ ಎಷ್ಟು ದೃಢೀಕೃತ ಪ್ರತಿ ಹೋಗಿವೆ, ಎಲ್ಲೆಲ್ಲಿ ಸಲ್ಲಿಕೆಯಾಗಿವೆ ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಇಟ್ಟಿರಬೇಕು.

ನ್ಯಾಯಾಲಯದ ಸಾಕ್ಷ್ಯದ ಬಗ್ಗೆಯೂ ಒಂದು ಮಾತು. 2004ರ ಡಿಸೆಂಬರ್‌ನ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ಅಧಿಕಾರ ಕೊಟ್ಟವರ ಖಾಸಾ ತಿಳಿವಳಿಕೆಯಲ್ಲಿರುವ ಸಂಗತಿಗಳ ಬಗ್ಗೆ ಮುಖತ್ಯಾರ ಅವರ ಬದಲಿಗೆ ಸಾಕ್ಷಿ ನುಡಿಯುವಂತಿಲ್ಲ ಎಂದಿದೆ. ಅಜ್ಜನಿಗೆ ಮಾತ್ರ ಗೊತ್ತಿರುವ ಹಳೆಯ ವಾಟ್ನಿಯ ವಿವರ ಅಜ್ಜನ ಬಾಯಿಂದಲೇ ಬರಬೇಕು.

ಇಷ್ಟೆಲ್ಲ ಎಚ್ಚರ ವಹಿಸಿ ಯೋಗ್ಯ ವ್ಯಕ್ತಿಯನ್ನು ಆರಿಸಿದಿರಿ ಎಂದುಕೊಳ್ಳೋಣ. ಅಷ್ಟಾದ ಮೇಲೂ ನಮ್ಮ ಕಾನೂನು ಅತ್ಯಂತ ಅಗತ್ಯದ ಗಳಿಗೆಯಲ್ಲಿ ಕೈಕೊಡುತ್ತದೆ. ಕರಾರು ಕಾಯ್ದೆಯ 201ನೇ ಕಲಮಿನಂತೆ ಅಧಿಕಾರ ಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಅಧಿಕಾರವೂ ಮುಗಿಯುತ್ತದೆ. ಮರೆವಿನ ಕಾಯಿಲೆ ಬಂದೀತೆಂಬ ಭಯದಿಂದಲೇ ತಂದೆ ಮಗಳಿಗೆ ಪತ್ರ ಬರೆದುಕೊಟ್ಟಿರುತ್ತಾನೆ. ಕಾಯಿಲೆ ಬಂದ ದಿನ ಆ ಪತ್ರ ಬರೀ ಕಾಗದವಾಗುತ್ತದೆ. ಒಡೆಯನ ಹಿತ ಕಾಯಲು ಸಮಂಜಸವಾದ ಕ್ರಮ ಕೈಗೊಳ್ಳಬೇಕೆಂದು 209ನೇ ಕಲಮು ಪ್ರತಿನಿಧಿಗೆ ಹೇಳುತ್ತದೆ ನಿಜ. ಆದರೆ ಯಾವ ಬ್ಯಾಂಕ್ ವ್ಯವಸ್ಥಾಪಕ ಅದರ ಮೇಲೆ ಹಣ ಕೊಟ್ಟಾನು? ಪ್ರಾಮಾಣಿಕ ಮಗಳು ತಂದೆಯ ಸ್ಥಿತಿಯನ್ನು ಬ್ಯಾಂಕಿಗೆ ತಿಳಿಸಿ ಅಧಿಕಾರ ಕಳೆದುಕೊಳ್ಳುತ್ತಾಳೆ; ಚಾಲಾಕಿಯಾದವನು ಸುಮ್ಮನಿದ್ದು ಚೆಕ್ಕಿಗೆ ಸಹಿ ಹಾಕುತ್ತಲೇ ಹೋಗುತ್ತಾನೆ. ಪ್ರಾಮಾಣಿಕತೆಗೆ ದಂಡ ವಿಧಿಸುವ ಕಾನೂನು ಇದು.

ಸಮಸ್ಯೆ ಸಣ್ಣದಲ್ಲ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿಗೆ ಜಿಲ್ಲಾ ನ್ಯಾಯಾಲಯದಿಂದ ನಿರ್ವಾಹಕರನ್ನು ನೇಮಿಸಿಕೊಳ್ಳುವ ದಾರಿಯಾದರೂ ಇತ್ತು. 2017ರ ಹೊಸ ಕಾಯ್ದೆ ಬಂದು ಹಳೆಯದು ರದ್ದಾದಾಗ ಆ ದಾರಿಯೂ ಮುಚ್ಚಿತು. ಹೊಸ ಕಾಯ್ದೆಯಡಿ ನಾಮನಿರ್ದೇಶಿತ ಪ್ರತಿನಿಧಿಯನ್ನು ಹೆಸರಿಸಬಹುದು, ಮುಂಗಡ ನಿರ್ದೇಶನ ಬರೆದಿಡಬಹುದು. ಆದರೆ ಅವು ಮಾನಸಿಕ ಚಿಕಿತ್ಸೆಗೆ ಸೀಮಿತ, ಹೊಲಮನೆಗಲ್ಲ. ಹೀಗಾಗಿ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಿವೆ. ಕೋಮಾ ಸ್ಥಿತಿಯಲ್ಲಿರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ರೂಪಿಸಿತು. ಕುಡಚಿಯ ಕುಟುಂಬಕ್ಕೆ ಇದರ ಅರ್ಥ ಧಾರವಾಡ ಪೀಠಕ್ಕೆ ಹೋಗಿ ವಕೀಲರನ್ನು ಹಿಡಿಯುವುದು. ಎರಡು ಎಕರೆ ಕಬ್ಬಿನ ಬಿಲ್ಲಿಗಾಗಿ ಯಾರು ಹೋಗುತ್ತಾರೆ?

ಇಂಗ್ಲೆಂಡಿನಲ್ಲಿ 1985ರಲ್ಲೇ ಬುದ್ಧಿ ಮಂಕಾದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರ ಪತ್ರಕ್ಕೆ ಕಾಯ್ದೆ ಮಾಡಲಾಯಿತು. 2005ರ ಕಾಯ್ದೆ ಅದನ್ನು ಪರಿಷ್ಕರಿಸಿ, ಬಳಕೆಗೆ ಮುನ್ನ ಸಾರ್ವಜನಿಕ ಪಾಲಕರ ಕಚೇರಿಯಲ್ಲಿ ನೋಂದಣಿ ಕಡ್ಡಾಯ ಮಾಡಿತು. ಪತ್ರ ಬರೆಯುವವರಿಗೆ ಅದರ ಅರ್ಥ ತಿಳಿದಿದೆ, ಯಾರೂ ಒತ್ತಾಯಿಸಿಲ್ಲ ಎಂದು ಸ್ವತಂತ್ರ ವ್ಯಕ್ತಿಯೊಬ್ಬರು ಪ್ರಮಾಣೀಕರಿಸಬೇಕು. ಸಿಂಗಪುರವೂ 2010ರಿಂದ ಇಂಥದೇ ವ್ಯವಸ್ಥೆ ನಡೆಸುತ್ತಿದೆ. ಇಂಗ್ಲಿಷರ 1872ರ ಕಾನೂನನ್ನು ನಾವು ಇನ್ನೂ ಜೋಪಾನ ಮಾಡಿಕೊಂಡಿದ್ದೇವೆ, ಅವರು ಮಾತ್ರ ಮುಂದೆ ಹೋದರು.

ದೆಹಲಿಗಾಗಿ ಕಾಯಲೇಬೇಕೆಂದಿಲ್ಲ. ಪ್ರಾತಿನಿಧ್ಯದ ಕರಾರುಗಳು ಸಂವಿಧಾನದ ಸಮವರ್ತಿ ಪಟ್ಟಿಯ 7ನೇ ನಮೂದಿನಲ್ಲಿವೆ. ಕೃಷಿ ಭೂಮಿಗೆ ಸಂಬಂಧಿಸಿದ ಕರಾರುಗಳನ್ನು ಆ ನಮೂದೇ ಹೊರಗಿಟ್ಟಿದೆ, ಕೃಷಿ ಭೂಮಿಯ ಪರಭಾರೆ ರಾಜ್ಯ ಪಟ್ಟಿಯ ವಿಷಯ. ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕವೇ ಒಂದು ತಿದ್ದುಪಡಿ ತರಬಹುದು. ಅದಕ್ಕೂ ಮೊದಲು, ಕಾಯ್ದೆಯ ತಿದ್ದುಪಡಿಯೇ ಬೇಡದ ಕೆಲಸವೊಂದಿದೆ. ನಡೆಯಲಾರದವರ ಮನೆಗೇ ನೋಂದಣಾಧಿಕಾರಿ ಹೋಗಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆ ಹೋದಾಗಲೂ, ಕಚೇರಿಗೆ ಬಂದಾಗಲೂ, ಹಿರಿಯರನ್ನು ಮಕ್ಕಳಿಂದ ಐದು ನಿಮಿಷ ಪ್ರತ್ಯೇಕವಾಗಿ ಕೂರಿಸಿ ಅವರದೇ ಭಾಷೆಯಲ್ಲಿ ಪತ್ರವನ್ನು ಓದಿ ಹೇಳಬೇಕೆಂದು ಇಲಾಖೆ ಸುತ್ತೋಲೆ ಹೊರಡಿಸಬಹುದು.

ಹೊಸ ಕಚೇರಿಯ ಅಗತ್ಯವೂ ಇಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳು ಈಗಾಗಲೇ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತಿದ್ದಾರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಮಾತು ತಪ್ಪಿದವರ ಪತ್ರವನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರ 23ನೇ ಕಲಮಿನಲ್ಲಿ ಅವರಿಗಿದೆ. ರಾಯಬಾಗದ ಮಟ್ಟಿಗೆ ಆ ಅಧಿಕಾರಿ ಚಿಕ್ಕೋಡಿಯಲ್ಲಿದ್ದಾರೆ. ಕುಡಚಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮರಳಬಹುದು. ಮುಖತ್ಯಾರ ಪತ್ರದ ಲೆಕ್ಕ ಕೇಳುವ, ದುರುಪಯೋಗ ಕಂಡಲ್ಲಿ ಪತ್ರವನ್ನು ತಡೆಹಿಡಿಯುವ, ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಮೊದಲೇ ಆರಿಸಿಟ್ಟ ವ್ಯಕ್ತಿಯನ್ನು ಮುಂದುವರಿಸುವ ಅಧಿಕಾರವನ್ನು ಅದೇ ಮೇಜಿಗೆ ಕೊಟ್ಟರೆ ಸಾಕು. ಬೇಕಾಗಿರುವುದು ಎರಡು ಮೂರು ಕಲಮುಗಳ ತಿದ್ದುಪಡಿ ಮತ್ತು ವಿಧಾನಸಭೆಯ ಅರ್ಧ ದಿನದ ಚರ್ಚೆ.